ಮಂಜುಗಡ್ಡೆಯ ಮನೆ: ಚೆನ್ನೈ ಐಸ್ ಹೌಸಿನ ಚರಿತ್ರೆ ಮತ್ತು ಅದರ ಕನ್ನಡ ನಂಟು

ಚೆನ್ನೈ ಮಹಾನಗರದ ಮರೀನಾ ಕಡಲತೀರಕ್ಕೆ ಎದುರಾಗಿ, ಇಂದು ಕಾಮರಾಜರ್ ಸಾಲೈ ಎಂಬ ಹೆಸರು ಹೊತ್ತಿರುವ ರಸ್ತೆಯ ಪಡುಬದಿಯಲ್ಲಿ ನಿಂತಿರುವ ದುಂಡುಮುಖದ ಕಟ್ಟಡಕ್ಕೆ 1963ರಿಂದ ಅಧಿಕೃತವಾಗಿ 'ವಿವೇಕಾನಂದರ್ ಇಲ್ಲಂ' ಎಂಬ ಹೆಸರಿದೆ. 'ಇಲ್ಲಂ' ಎಂದರೆ ತಮಿಳಿನಲ್ಲಿ ಮನೆ. ಆದರೆ ಬ್ರಿಟಿಷರ ಬಾಯಲ್ಲಿ ಟ್ರಿಪ್ಲಿಕೇನ್ ಆದ ತಿರುವಲ್ಲಿಕ್ಕೇಣಿಯ ನಿವಾಸಿಗಳಿಗೆ, ಬಸ್ಸಿನ ಕಂಡಕ್ಟರುಗಳಿಗೆ, ಆಟೋ ಓಡಿಸುವವರಿಗೆ ಅದು ಇಂದಿಗೂ ಐಸ್ ಹೌಸ್. ಆ ಭಾಗದ ಪೊಲೀಸ್ ಠಾಣೆಯ ಹೆಸರೂ ಐಸ್ ಹೌಸ್ ಠಾಣೆಯೇ. ಕಟ್ಟಡದಲ್ಲಿ ಮಂಜುಗಡ್ಡೆ ಇದ್ದದ್ದು ಹೆಚ್ಚೆಂದರೆ 4 ದಶಕ, ಅದು ಖಾಲಿಯಾಗಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ನಡುವೆ ಅದು ವಕೀಲರೊಬ್ಬರ ಬಂಗಲೆಯಾಗಿ, ಸನ್ಯಾಸಿಗಳ ಮಠವಾಗಿ, ಬಾಲವಿಧವೆಯರ ಆಶ್ರಯವಾಗಿ, ವಿದ್ಯಾರ್ಥಿನಿಲಯವಾಗಿ ಬಾಳಿದೆ. ಹಾಗಿದ್ದರೂ ಜನರ ನಾಲಗೆ ಮೊದಲಿನ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಒಂದು ಊರಿನ ಚರಿತ್ರೆಯ ದೊಡ್ಡ ಪಾಲು ಗ್ರಂಥಭಂಡಾರಗಳಲ್ಲಿ ಉಳಿಯುವುದಿಲ್ಲ. ಕೆಲಸ ಮುಗಿಸಿದ ಜನ ಸಂಜೆ ಕಲೆತಾಗ, ಕ್ಲಬ್ಬು ಬಾರುಗಳ ಮೇಜಿನ ಸುತ್ತ, ಉಡುಪಿ ಹೋಟೆಲಿನ ಕಾಫಿಯ ಲೋಟದ ಮುಂದೆ, ಕಡಲತೀರದ ಮರಳಿನ ಮೇಲೆ, ಬಾಯಿಂದ ಬಾಯಿಗೆ ಸಾಗುತ್ತದೆ. ಚೆನ್ನೈನ ಇಂಥ ಸಂಜೆಮಾತಿನ ಭಂಡಾರ ಬಹಳ ಶ್ರೀಮಂತವಾದದ್ದು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಯುದ್ಧನೌಕೆ ಎಂಡೆನ್ ಬಂದರಿನೆದುರು ನಿಂತು ಗುಂಡು ಹಾರಿಸಿ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿ ಮಾಯವಾದ ಸಂಗತಿ ಅಂಥವುಗಳಲ್ಲಿ ಒಂದು. ಆ ಹಡಗಿನ ಹೆಸರು ಚಾಣಾಕ್ಷನೂ ಎದೆಗಾರನೂ ಆದ ಮನುಷ್ಯನನ್ನು ಸೂಚಿಸುವ ಮಾತಾಗಿ ಮದರಾಸಿನ ತಮಿಳಿಗೆ ಸೇರಿಹೋಯಿತು. ಐಸ್ ಹೌಸಿನ ಕಥೆಯೂ ಅದೇ ಭಂಡಾರದ್ದು. ಅಮೆರಿಕೆಯ ಕೆರೆಯ ನೀರು ಗಡ್ಡೆಕಟ್ಟಿ, ಅರ್ಧ ಭೂಮಿಯನ್ನೇ ಬಳಸಿಕೊಂಡು ಬಂದು, ಮದರಾಸಿನ ದೊರೆಗಳ ಮದ್ಯದ ಬಟ್ಟಲಿಗೆ ಬೀಳುತ್ತಿತ್ತು ಎಂದು ಯಾರಾದರೂ ಹೇಳಿದರೆ ಮೊದಲ ಬಾರಿಗೆ ಕೇಳಿದವರು ಅದನ್ನು ಕಟ್ಟುಕಥೆಯೆಂದೇ ತಿಳಿಯುತ್ತಾರೆ. ಅದು ಅಕ್ಷರಶಃ ನಿಜ. ಈ ಲೇಖನದ ಉದ್ದೇಶ ಆ ನಿಜವನ್ನು ಅದರ ವಿವರಗಳೊಂದಿಗೆ ದಾಖಲಿಸುವುದು; ಜೊತೆಗೆ, ಸಂಜೆಮಾತಿನಲ್ಲೂ ಬಿಟ್ಟುಹೋಗಿರುವ, ಕನ್ನಡನಾಡಿನ ಚರಿತ್ರೆಕಾರರೂ ಸಾಕಷ್ಟು ಗಮನಿಸದಿರುವ ಒಂದು ಎಳೆಯನ್ನು, ಅಂದರೆ ಮೈಸೂರು ಸೀಮೆಗೂ ಈ ಕಟ್ಟಡಕ್ಕೂ ಇರುವ ನಂಟನ್ನು, ಅದರ ಸ್ಥಾನದಲ್ಲಿ ಇಡುವುದು.

ಮಂಜುಗಡ್ಡೆ ಬರುವ ಮೊದಲು ದಕ್ಷಿಣ ಭಾರತದಲ್ಲಿ ನೀರು ತಂಪು ಮಾಡಲು ಇದ್ದ ಉಪಾಯಗಳು ಎರಡೇ. ಒಂದು ಮಣ್ಣಿನ ಹೂಜಿ, ಅದರ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಇನ್ನೊಂದು ಪೆಟ್ಲುಪ್ಪು, ಅದು ನೀರಿನಲ್ಲಿ ಕರಗುವಾಗ ನೀರನ್ನು ತಣ್ಣಗಾಗಿಸುತ್ತದೆ, ಆ ನೀರಿನೊಳಗೆ ಮದ್ಯದ ಸೀಸೆಯನ್ನೋ ಕುಡಿಯುವ ನೀರಿನ ಪಾತ್ರೆಯನ್ನೋ ಇಟ್ಟು ಆಡಿಸಬೇಕು. ಅಕ್ಬರನ ಆಸ್ಥಾನದಲ್ಲಿ ಬಳಕೆಯಲ್ಲಿದ್ದ ಈ ಎರಡನೆಯ ವಿಧಾನವನ್ನು ಕಂಪನಿಯ ಸಾಹೇಬರು ತಮ್ಮ ಮನೆಗಳಿಗೂ ತಂದುಕೊಂಡಿದ್ದರು. ಅದಕ್ಕೆಂದೇ 'ಆಬ್ದಾರ್' ಎಂಬ ಆಳು ಇರುತ್ತಿದ್ದ. ಬಂಗಾಳದಲ್ಲಿ ಚಳಿಗಾಲದ ರಾತ್ರಿ ಹುಲ್ಲಿನ ಹಾಸಿನ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರು ಇಟ್ಟು ಬೆಳಗಿನ ಜಾವ ತೆಳ್ಳನೆಯ ಮಂಜಿನ ಪದರ ತೆಗೆಯುತ್ತಿದ್ದರು. ಮದರಾಸಿನ ಹವೆಯಲ್ಲಿ ಆ ಭಾಗ್ಯವೂ ಇರಲಿಲ್ಲ.

ಈ ಕೊರತೆಯಲ್ಲಿ ವ್ಯಾಪಾರವನ್ನು ಕಂಡವನು ಅಮೆರಿಕೆಯ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ (1783–1864). 1806ರಲ್ಲಿ ಅವನು ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪಕ್ಕೆ ಮೊದಲ ಹಡಗು ಮಂಜುಗಡ್ಡೆ ಕಳಿಸಿದಾಗ ಊರವರು ಅವನನ್ನು ಗೇಲಿ ಮಾಡಿದರು. ಮುಂದಿನ ವರ್ಷಗಳಲ್ಲಿ ಅವನು ಸಾಲಕ್ಕೆ ಸಿಕ್ಕಿ ಸೆರೆಮನೆಯನ್ನೂ ಕಂಡ. ಆದರೂ ಹಿಡಿದ ಕೆಲಸವನ್ನು ಬಿಡಲಿಲ್ಲ. ಅವನ ಗೆಲುವಿಗೆ ಮೂರು ಕಾರಣಗಳು ಒದಗಿಬಂದವು. 1825ರ ಸುಮಾರಿಗೆ ನಥೇನಿಯಲ್ ವೈಯತ್ ಎಂಬವನು ಕುದುರೆ ಎಳೆಯುವ ನೇಗಿಲಿನಂಥ ಸಾಧನವೊಂದನ್ನು ರೂಪಿಸಿದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಅದನ್ನು ಉದ್ದಕ್ಕೂ ಅಡ್ಡಕ್ಕೂ ನಡೆಸಿ ಚೌಕಾಬಾರದ ಮನೆಗಳಂತೆ ಗೆರೆ ಕೊರೆದರೆ ಒಂದೇ ಅಳತೆಯ ಗಡ್ಡೆಗಳು ಕಿತ್ತುಬರುತ್ತಿದ್ದವು, ಒಂದಕ್ಕೊಂದು ಒತ್ತಿ ಜೋಡಿಸಿದಾಗ ನಡುವೆ ಗಾಳಿಯಾಡಲು ಸಂದು ಉಳಿಯುತ್ತಿರಲಿಲ್ಲ. ಎರಡನೆಯದು ಮರ ಕೊಯ್ಯುವ ಗಿರಣಿಗಳಲ್ಲಿ ಬೇಡದ ಕಸವಾಗಿ ಬಿದ್ದಿರುತ್ತಿದ್ದ ಮರದ ಹೊಟ್ಟು. ಶಾಖವನ್ನು ತಡೆಯುವುದರಲ್ಲಿ ಅದಕ್ಕೆ ಸಮನಾದ ಅಗ್ಗದ ವಸ್ತು ಬೇರೆ ಇರಲಿಲ್ಲ. ಮೀನಿನ ಮಾರುಕಟ್ಟೆಯ ಬಳಿಯ ಐಸಿನ ಅಂಗಡಿಯಲ್ಲಿ ಗಡ್ಡೆಯನ್ನು ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿತಾಟು ಹೊದಿಸಿಟ್ಟದ್ದನ್ನು ಕಂಡವರಿಗೆ ಟ್ಯೂಡರನ ವಿದ್ಯೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮೂರನೆಯದು ಹಡಗಿನ ಬಾಡಿಗೆ: ಭಾರತದಿಂದ ನೀಲಿ, ಚರ್ಮ, ಪೆಟ್ಲುಪ್ಪು ತರಲು ಹೊರಡುವ ಬಾಸ್ಟನ್ ಹಡಗುಗಳಿಗೆ ಹೋಗುವಾಗ ಒಯ್ಯಲು ತಕ್ಕಷ್ಟು ಸರಕು ಇರುತ್ತಿರಲಿಲ್ಲವಾದ್ದರಿಂದ, ಸಮತೋಲಕ್ಕಾಗಿ ಕಲ್ಲು ತುಂಬಿಕೊಂಡು ಹೋಗುವ ಬದಲು ಅವು ಮಂಜುಗಡ್ಡೆಯನ್ನು ಕಡಿಮೆ ಬಾಡಿಗೆಗೆ ಒಯ್ದವು.

1833ರ ಮೇ ತಿಂಗಳಿನಲ್ಲಿ ಬಾಸ್ಟನ್ನಿನಿಂದ ಹೊರಟ 'ಟಸ್ಕನಿ' ಎಂಬ ಹಡಗು 180 ಟನ್ ಮಂಜುಗಡ್ಡೆಯೊಂದಿಗೆ ಸಮಭಾಜಕವೃತ್ತವನ್ನು ಎರಡು ಸಲ ದಾಟಿ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಅದರ ಒಡಲಲ್ಲಿ ಸುಮಾರು 100 ಟನ್ ಕರಗದೆ ಉಳಿದಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಒಂದು ಕಿಲೋ ಮಂಜುಗಡ್ಡೆಯನ್ನು ಬರಿದೆ ಕರಗಿಸಲು ಬೇಕಾಗುವ ಶಾಖದಿಂದ ಅಷ್ಟೇ ತೂಕದ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು. ಭೌತವಿಜ್ಞಾನದಲ್ಲಿ ಗುಪ್ತಶಾಖ ಎಂದು ಕರೆಯುವ ಈ ಗುಣದ ಜೊತೆಗೆ, ರಾಶಿ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗುವುದರಿಂದ, ನೂರಾರು ಟನ್ನಿನ ಒಟ್ಟಿಲು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಕಲ್ಕತ್ತೆಯ ಬಳಿಕ ಮುಂಬಯಿ, ಮದರಾಸುಗಳಲ್ಲೂ ವ್ಯಾಪಾರ ಬೇರೂರಿತು. ಮೂರೂ ನಗರಗಳಲ್ಲಿ ಮಂಜುಗಡ್ಡೆಯ ದಾಸ್ತಾನಿಗೆಂದೇ ಮನೆಗಳು ಎದ್ದವು. ಅವುಗಳಲ್ಲಿ ಉಳಿದಿರುವುದು 1842ರಲ್ಲಿ ನಿರ್ಮಾಣವಾದ ಮದರಾಸಿನದೊಂದೇ.

ಆ ಮಂಜುಗಡ್ಡೆ ದಡ ಸೇರುತ್ತಿದ್ದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಮದರಾಸಿಗೆ ಆಗ ಬಂದರು ಇರಲಿಲ್ಲ. 1861ರಲ್ಲಿ ಕಬ್ಬಿಣದ ಕಟ್ಟೆಯೊಂದು ಕಡಲೊಳಕ್ಕೆ ಚಾಚಿಕೊಳ್ಳುವ ತನಕ ಹಡಗುಗಳು ದಡದಿಂದ ದೂರದಲ್ಲೇ ಲಂಗರು ಹಾಕುತ್ತಿದ್ದವು, ಮನುಷ್ಯರೂ ಸರಕೂ ಅಲೆಗಳ ಸಾಲನ್ನು ದೋಣಿಯಲ್ಲಿ ದಾಟಬೇಕಿತ್ತು. ಮಸೂಲಾ ಎಂದು ಕರೆಯುತ್ತಿದ್ದ ಆ ದೋಣಿಗೆ ಮೊಳೆಯೇ ಇಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು, ಸಂದಿಗೆ ಹುಲ್ಲಿನ ಹುರಿ ಒತ್ತಿ, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಹೊಲಿದು ಅದನ್ನು ಕಟ್ಟುತ್ತಿದ್ದರು. ಮೊಳೆ ಹೊಡೆದ ಗಟ್ಟಿ ದೋಣಿ ತೆರೆಯ ಹೊಡೆತಕ್ಕೆ ಸಿಕ್ಕಿ ಬಿರಿದುಹೋದರೆ, ಹೊಲಿದ ದೋಣಿ ಬುಟ್ಟಿಯಂತೆ ಬಳುಕಿ ಉಳಿಯುತ್ತಿತ್ತು. ಅಂಥ ದೋಣಿಗೆ, ಉರಿಬಿಸಿಲಿನಲ್ಲಿ, ಹಡಗಿನ ಒಡಲಿನಿಂದ ಹೊಟ್ಟು ಮೆತ್ತಿದ ಗಡ್ಡೆಗಳನ್ನು ಇಳಿಸಿ, ಹುಟ್ಟುಹಾಕುವವರು ತೆರೆಯ ಲೆಕ್ಕ ಹಿಡಿದು ಒಂದೇ ಉಸಿರಿಗೆ ದಡಕ್ಕೆ ನುಗ್ಗಿಸಿದ ಮೇಲೆ, ನಾಲ್ಕು ತಿಂಗಳ ಪಯಣದಲ್ಲಿ ಉಳಿದದ್ದು ಈ ಕೊನೆಯ ಗಳಿಗೆಯಲ್ಲಿ ಕರಗದ ಹಾಗೆ, ಅದನ್ನು ಹೊತ್ತು ಓಡಬೇಕಿತ್ತು. ಟ್ಯೂಡರನ ಹೆಸರು ಚರಿತ್ರೆಯಲ್ಲಿ 'ಮಂಜುಗಡ್ಡೆಯ ದೊರೆ' ಎಂದು ನಿಂತಿದೆ. ಚೋಳಮಂಡಲ ತೀರದ ಆ ದೋಣಿಯವರಲ್ಲಿ ಒಬ್ಬರ ಹೆಸರೂ ನಿಂತಿಲ್ಲ. ಅವರ ಕೈಚಳಕವಿಲ್ಲದೆ ಇದ್ದಿದ್ದರೆ ಮದರಾಸಿನ ಮನೆಗೆ ಒಂದು ಗಡ್ಡೆಯೂ ಸೇರುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಅಂದಿನ ಐಸ್ ಹೌಸು ಕಡಲಿಗೆ ತೀರ ಹತ್ತಿರವಿತ್ತು. ಇಂದು ಕಟ್ಟಡದೆದುರು ನಿಂತವರಿಗೆ ಅಗಲವಾದ ರಸ್ತೆ, ಅದರಾಚೆ ಮುಗಿಯದ ಮರಳು, ಅದರ ಕೊನೆಗೆ ಎಲ್ಲೋ ನೀರು ಕಾಣುವುದರಿಂದ, ಹಡಗಿನ ಸರಕನ್ನು ಇಲ್ಲಿ ಇಳಿಸುತ್ತಿದ್ದರೆಂದರೆ ನಂಬುವುದು ಕಷ್ಟ. ಈ ಮರಳು ಬಂದರಿನ ಕೂಸು. ಪೂರ್ವ ಕರಾವಳಿಯಲ್ಲಿ ವರ್ಷದ ಹೆಚ್ಚಿನ ಕಾಲ ಅಲೆಗಳು ಮರಳನ್ನು ತೆಂಕಣದಿಂದ ಬಡಗಣಕ್ಕೆ ಸಾಗಿಸುತ್ತವೆ. 1870ರ ದಶಕದ ನಡುವಿನಲ್ಲಿ ಬಂದರಿನ ಕಲ್ಲಿನ ತೋಳುಗಳು ಕಡಲೊಳಕ್ಕೆ ಚಾಚತೊಡಗಿದಂತೆ ಆ ಸಾಗಾಟಕ್ಕೆ ತಡೆಬಿದ್ದು, ತಡೆಯ ತೆಂಕಣದ ಬದಿಯಲ್ಲಿ ಮರಳು ನಿಂತು ಬೆಳೆಯಿತು, ಬಡಗಣದ ರಾಯಪುರಂ ಕಡೆ ನೆಲ ಕೊರೆದುಹೋಯಿತು. ಹಾಗೆ ಬೆಳೆದ ದಡದ ಮೇಲೆ 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ವಿಹಾರಪಥವನ್ನು ಮಾಡಿಸಿ ಮರೀನಾ ಎಂದು ಹೆಸರಿಟ್ಟರು.

ಮಂಜುಗಡ್ಡೆಯನ್ನು ಬಳಸುತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸರಳವಾದದ್ದು: ಸಾಹೇಬರು, ಅವರ ಊಟದ ಮನೆಗಳು, 1832ರಲ್ಲಿ ಸ್ಥಾಪನೆಯಾದ ಮದ್ರಾಸ್ ಕ್ಲಬ್ಬಿನಂಥ ಕೂಟಗಳು. ಬಿಯರು, ಕ್ಲಾರೆಟ್ ಎಂಬ ಕೆಂಪು ದ್ರಾಕ್ಷಾಮದ್ಯ, ಕುಡಿಯುವ ನೀರು ಎಲ್ಲವೂ ಅದರಿಂದ ತಂಪಾದವು. ಜ್ವರ ಬಂದವರ ಹಣೆಗಿಡಲು ವೈದ್ಯರೂ ಅದನ್ನು ಬಯಸಿದರು. ಅದೇ ಹಡಗುಗಳಲ್ಲಿ ಗಡ್ಡೆಗಳ ನಡುವೆ ಪೀಪಾಯಿಗಳಲ್ಲಿ ತುಂಬಿದ ಅಮೆರಿಕೆಯ ಸೇಬುಗಳೂ ಬೆಣ್ಣೆಯೂ ಭಾರತಕ್ಕೆ ಬರುತ್ತಿದ್ದವು. ನೆಟಿವ್ ಜನ ಮೊದಲು ಮಂಜುಗಡ್ಡೆಯನ್ನು ಮುಟ್ಟಿ ಕೈ ಸುಟ್ಟಿತೆಂದು ಕಿರುಚಿದರು, ಅದು ಯಾವ ಮರದಲ್ಲಿ ಬಿಡುತ್ತದೆಂದು ಕೇಳಿದರು ಎಂಬ ಕಥೆಗಳು ಕಲ್ಕತ್ತೆಯಿಂದ ಹೊರಟು ಎಲ್ಲ ಊರುಗಳ ಸಂಜೆಮಾತಿನಲ್ಲೂ ಸೇರಿಕೊಂಡಿವೆ. ಇವು ಸಾಹೇಬರು ತಮ್ಮ ಮೇಜಿನ ಸುತ್ತ ಕಟ್ಟಿಕೊಂಡ ಕಥೆಗಳಾದ್ದರಿಂದ ಇವುಗಳಿಗೆ ಚರಿತ್ರೆಯ ಬೆಲೆಯನ್ನು ಕೊಡಲಾಗದು. ಬೆಲೆ ಕೊಡಬೇಕಾದ ಸಾಕ್ಷ್ಯ ಬೇರೆಡೆ ಇದೆ. 1846–47ರ ಚಳಿಗಾಲದಲ್ಲಿ ಟ್ಯೂಡರನ ಆಳುಗಳು ಮ್ಯಾಸಚೂಸೆಟ್ಸಿನ ವಾಲ್ಡನ್ ಕೆರೆಯಲ್ಲಿ ಮಂಜುಗಡ್ಡೆ ಕೊಯ್ಯಲು ಬಂದಾಗ ಅದರ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಹೆನ್ರಿ ಡೇವಿಡ್ ಥೋರೊ ಅದನ್ನೆಲ್ಲ ನೋಡುತ್ತಿದ್ದನು. 1854ರಲ್ಲಿ ಪ್ರಕಟವಾದ 'ವಾಲ್ಡನ್' ಕೃತಿಯಲ್ಲಿ ತನ್ನ ಕೆರೆಯ ನೀರನ್ನು ಕುಡಿಯುವವರ ಊರುಗಳನ್ನು ಎಣಿಸುವಾಗ ಅವನು ಮದರಾಸನ್ನು ಹೆಸರಿಸುತ್ತಾನೆ, ಅದೇ ಉಸಿರಿನಲ್ಲಿ ತಾನು ಬೆಳಗಿನ ಹೊತ್ತು ಭಗವದ್ಗೀತೆಯ ವಿಚಾರದಲ್ಲಿ ಮೀಯುವುದನ್ನೂ ಹೇಳುತ್ತಾನೆ. ಅಲ್ಲಿಂದ ನೀರು ಇಲ್ಲಿಗೆ ಬಂದಿತ್ತು, ಇಲ್ಲಿಂದ ಗೀತೆ ಅಲ್ಲಿಗೆ ಹೋಗಿತ್ತು. ಐವತ್ತು ವರ್ಷಗಳ ಬಳಿಕ ಇದೇ ಕಟ್ಟಡದಲ್ಲಿ ನಡೆದದ್ದನ್ನು ನೆನೆದರೆ ಥೋರೊ ಬರೆದ ಆ ಪುಟಕ್ಕೆ ಅವನೂ ಊಹಿಸದ ಅರ್ಥ ಬರುತ್ತದೆ.

ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರ ಹೊತ್ತಿಗೆ ಅಮೋನಿಯ ಬಳಸಿ ಮಂಜುಗಡ್ಡೆ ಮಾಡುವ ಯಂತ್ರವನ್ನು ರೂಪಿಸಿದ ಮೇಲೆ ಕೆರೆಯ ಗಡ್ಡೆಯ ದಿನಗಳು ಎಣಿಕೆಗೆ ಬಂದವು. 1874ರಲ್ಲಿ ಮದರಾಸಿನಲ್ಲೇ ಇಂಟರ್‌ನ್ಯಾಷನಲ್ ಐಸ್ ಕಂಪನಿ ಸ್ಥಾಪನೆಯಾಗಿ ಊರಿನ ನೀರಿನಿಂದಲೇ ಮಂಜುಗಡ್ಡೆ ತಯಾರಾಗತೊಡಗಿತು. ಕೆಲವೇ ವರ್ಷಗಳಲ್ಲಿ ಟ್ಯೂಡರ್ ಕಂಪನಿಯ ವ್ಯಾಪಾರ ನಿಂತಿತು.

ಖಾಲಿಯಾದ ಕಟ್ಟಡವನ್ನು ಕೊಂಡವರು ಮದರಾಸು ಹೈಕೋರ್ಟಿನ ವಕೀಲರಾಗಿದ್ದ ಬಿಳಿಗಿರಿ ಅಯ್ಯಂಗಾರ್. ಅವರ ಹೆಸರಿನ ಮೊದಲ ಪದ ಕನ್ನಡದ್ದು. ಚಾಮರಾಜನಗರ ಸೀಮೆಯ ಬಿಳಿಗಿರಿರಂಗನ ಬೆಟ್ಟದ ದೇವರ ಹೆಸರು ಅದು, ಸಂಸ್ಕೃತದಲ್ಲಿ ಶ್ವೇತಾದ್ರಿ ಎಂದು ಕರೆಯುವ ಬೆಟ್ಟ. ಹೆಸರೊಂದರಿಂದಲೇ ಮನುಷ್ಯನ ಹುಟ್ಟೂರನ್ನು ಹೇಳಲಾಗದು, ಆದರೆ ಕನ್ನಡದ ಬೆಟ್ಟದ ದೇವರೊಬ್ಬ ಮದರಾಸಿನ ಕಡಲತೀರದ ಮನೆಯೊಡೆಯನ ಹೆಸರಾಗಿ ಕುಳಿತದ್ದನ್ನು ಕನ್ನಡ ಓದುಗರು ಗಮನಿಸದೆ ಹೋಗಲಾರರು. ಮಂಜು ಕರಗದಿರಲೆಂದು ಕಟ್ಟಿದ ಗೋಡೆಗಳ ನಡುವೆ ಮನುಷ್ಯರು ಬಾಳುವಂತಾಗಲು ಅವರು ಸುತ್ತಲೂ ದುಂಡನೆಯ ಜಗಲಿಗಳನ್ನು ಸೇರಿಸಿ, ಕಿಟಕಿಗಳನ್ನು ತೆರೆಸಿ, ತಮ್ಮ ಮಿತ್ರರಾಗಿದ್ದ ನ್ಯಾಯಮೂರ್ತಿ ಕರ್ನನ್ನರ ಗೌರವಾರ್ಥ ಮನೆಗೆ 'ಕ್ಯಾಸಲ್ ಕರ್ನನ್' ಎಂದು ಹೆಸರಿಟ್ಟರು. ಜನ ಆಗಲೂ ಐಸ್ ಹೌಸ್ ಎಂದೇ ಕರೆದರು.

ಇಲ್ಲಿಂದ ಮುಂದಿನ ಚರಿತ್ರೆಯ ಕೇಂದ್ರದಲ್ಲಿರುವವರು ಚಿಕ್ಕಮಗಳೂರಿನಲ್ಲಿ 1865ರಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳ್. ಅವರದು ಮಂಡ್ಯಂ ಎಂದು ಗುರುತಿಸಿಕೊಳ್ಳುವ ಶ್ರೀವೈಷ್ಣವ ಮನೆತನ. ಮಂಡ್ಯ, ಮೇಲುಕೋಟೆ, ಶ್ರೀರಂಗಪಟ್ಟಣಗಳ ಆಸುಪಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಈ ಸಮುದಾಯದ ಮನೆಮಾತು ಕನ್ನಡ ಬೆರೆತ ತಮಿಳು. ಅಳಸಿಂಗ ಎಂಬ ಹೆಸರಿನಲ್ಲೇ ಆ ಬೆರಕೆ ಕಾಣುತ್ತದೆ: ತಮಿಳಿನ 'ಅೞಗಿಯ ಸಿಂಗರ್', ಅಂದರೆ ಸುಂದರನಾದ ನರಸಿಂಹ, ಕನ್ನಡದ ನಾಲಗೆಯಲ್ಲಿ ೞಕಾರ ಕಳೆದುಕೊಂಡು ಅಳಸಿಂಗನಾಯಿತು, ಮೈಸೂರು ಸೀಮೆಯ ಅಳಸಿಂಗಾಚಾರ್ಯರೆಲ್ಲರ ಹೆಸರಿನ ಮೂಲವೂ ಇದೇ. ಕುಟುಂಬ ಮದರಾಸಿಗೆ ಬಂದು ಮಂಡ್ಯಂ ಮನೆತನಗಳು ನೆಲೆಸಿದ್ದ ತಿರುವಲ್ಲಿಕ್ಕೇಣಿಯನ್ನು ಸೇರಿತು; ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಅವರು ಉಪಾಧ್ಯಾಯರಾಗಿ, ಮುಂದೆ ಪಚ್ಚಯ್ಯಪ್ಪನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ, ದೊಡ್ಡ ಸಂಸಾರವನ್ನು ಸಣ್ಣ ಸಂಬಳದಲ್ಲಿ ನಡೆಸಿದವರು.

ಸ್ವಾಮಿ ವಿವೇಕಾನಂದರು 1892ರ ಕೊನೆಯಲ್ಲಿ ಮೈಸೂರಿನಲ್ಲಿ ಚಾಮರಾಜ ಒಡೆಯರ ಆತಿಥ್ಯವನ್ನು ಪಡೆದು, ದಕ್ಷಿಣದ ತುದಿಯವರೆಗೆ ಹೋಗಿ, 1893ರ ಆರಂಭದಲ್ಲಿ ಮದರಾಸಿಗೆ ಬಂದಾಗ ಅವರ ಸುತ್ತ ಸೇರಿದ ಯುವಕರಿಗೆ ಅಳಸಿಂಗರೇ ಮುಂದಾಳು. ಚಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಸ್ವಾಮಿಗಳನ್ನು ಕಳಿಸಲು ಹಣ ಬೇಕಾದಾಗ, ಸಾಮಾನ್ಯ ಜನರ ಪರವಾಗಿ ಹೋಗುವವನಿಗೆ ಸಾಮಾನ್ಯ ಜನರ ಹಣವೇ ಬೇಕೆಂಬ ಸ್ವಾಮಿಗಳ ಇಚ್ಛೆಯಂತೆ, ಅವರು ಮನೆಮನೆಯ ಬಾಗಿಲಿಗೆ ಹೋಗಿ ಚಂದಾ ಎತ್ತಿದರು; 1893ರ ಮೇ 31ರಂದು ಸ್ವಾಮಿಗಳು ಮುಂಬಯಿಯಲ್ಲಿ ಹಡಗು ಹತ್ತುವಾಗ ಬೀಳ್ಕೊಡಲು ಅಲ್ಲಿಯವರೆಗೂ ಹೋದರು. ಅಮೆರಿಕೆಯಿಂದ ಸ್ವಾಮಿಗಳು ಬರೆದ ಪ್ರಸಿದ್ಧ ಪತ್ರಗಳಲ್ಲಿ ಅನೇಕವು ಅಳಸಿಂಗರ ಹೆಸರಿಗೆ ಬಂದವು. 1895ರ ಸೆಪ್ಟೆಂಬರಿನಲ್ಲಿ ಅವರು ಆರಂಭಿಸಿದ 'ಬ್ರಹ್ಮವಾದಿನ್' ಪತ್ರಿಕೆ ವೇದಾಂತ ಚಳವಳಿಯ ಮೊದಲ ಮುಖವಾಣಿ. ವಿವೇಕಾನಂದರ ಪತ್ರಗಳನ್ನು ಕನ್ನಡದಲ್ಲಿ ಓದಿದ ತಲೆಮಾರುಗಳಿಗೆ ಈ ಹೆಸರು ಪರಿಚಿತ. ಹೆಸರಿನ ಹಿಂದಿನ ಮನುಷ್ಯ ಚಿಕ್ಕಮಗಳೂರಿನವರೆಂಬುದು ಮಾತ್ರ ಆ ಊರಿನಲ್ಲೇ ಎಷ್ಟೋ ಮಂದಿಗೆ ತಿಳಿಯದಿರುವುದು ನೋವಿನ ಸಂಗತಿ.

ಪಶ್ಚಿಮದಿಂದ ಮರಳಿದ ಸ್ವಾಮಿಗಳು 1897ರ ಫೆಬ್ರವರಿ 6ರಂದು ಮದರಾಸಿನ ಎಗ್ಮೋರ್ ನಿಲ್ದಾಣದಲ್ಲಿ ಇಳಿದರು. ಮೆರವಣಿಗೆಯ ದಾರಿಯಲ್ಲಿ ಯುವಕರು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ನೊಗಕ್ಕೆ ಕೈಕೊಟ್ಟು, ಬಿಳಿಗಿರಿ ಅಯ್ಯಂಗಾರರ ಮನೆಯವರೆಗೆ ಎಳೆದು ತಂದರು. ಫೆಬ್ರವರಿ 15ರಂದು ಹಡಗಿನಲ್ಲಿ ಕಲ್ಕತ್ತೆಗೆ ಹೊರಡುವ ತನಕ ಐಸ್ ಹೌಸೇ ಅವರ ಬಿಡಾರ. ವಿಕ್ಟೋರಿಯಾ ಹಾಲಿನಲ್ಲೂ ಇತರೆಡೆಗಳಲ್ಲೂ ಅವರು ಆ ದಿನಗಳಲ್ಲಿ ಮಾಡಿದ ಭಾಷಣಗಳು 'ಕೊಲಂಬೊದಿಂದ ಆಲ್ಮೋರಕ್ಕೆ' ಎಂದು ಪ್ರಸಿದ್ಧವಾದ ಸಂಕಲನದ ತಿರುಳಿನಂತಿವೆ. ಹೊರಡುವ ಮುನ್ನ ಮದರಾಸಿನವರು ಇಲ್ಲೊಂದು ಮಠ ಬೇಕೆಂದು ಕೇಳಿಕೊಂಡರು. ದಕ್ಷಿಣದ ಅತ್ಯಂತ ಮಡಿವಂತರಿಗಿಂತಲೂ ಮಡಿವಂತನಾದವನನ್ನು ಕಳಿಸುವುದಾಗಿ ಮಾತುಕೊಟ್ಟ ಸ್ವಾಮಿಗಳು ಮುಂದಿನ ತಿಂಗಳೇ ತಮ್ಮ ಗುರುಬಂಧು ಸ್ವಾಮಿ ರಾಮಕೃಷ್ಣಾನಂದರನ್ನು ಕಳಿಸಿಕೊಟ್ಟರು. ಮೊದಲು ಬೇರೊಂದು ಮನೆಯಲ್ಲಿದ್ದು ಬಳಿಕ ಐಸ್ ಹೌಸಿಗೆ ಬಂದ ಅವರು ಅಲ್ಲೇ ಮಠವನ್ನು ನಡೆಸಿದರು. ದಕ್ಷಿಣ ಭಾರತದ ಮೊದಲ ರಾಮಕೃಷ್ಣ ಮಠ ಇದು. ದೇವರ ಪೂಜೆ, ನೈವೇದ್ಯ, ಊರಿನ ಬೇರೆಬೇರೆ ಕೇರಿಗಳಲ್ಲಿ ವಾರವಿಡೀ ನಡೆಯುವ ಪಾಠಗಳು, ಕೆಲವು ದಿನ ಅಡುಗೆಗೆ ಅಕ್ಕಿಯೂ ಇಲ್ಲದ ಬಡತನ, ಎಲ್ಲವನ್ನೂ ಅವರು ಬಹುಪಾಲು ಒಬ್ಬರೇ ನಿಭಾಯಿಸಿದರು.

1902ರಲ್ಲಿ ಬಿಳಿಗಿರಿ ಅಯ್ಯಂಗಾರರು ತೀರಿಕೊಂಡ ಮೇಲೆ ಆಸ್ತಿ ಸಾಲದ ಸುಳಿಗೆ ಬಿದ್ದು 1906ರಲ್ಲಿ ಹರಾಜಿಗೆ ಬಂತು. ಹರಾಜಿನ ದಿನ ಕೂಗು ಏರುತ್ತಿದ್ದಂತೆ ಭಕ್ತರೊಬ್ಬರು ಓಡಿಬಂದು ಮತ್ತೆ ಮತ್ತೆ ಸುದ್ದಿ ಹೇಳುತ್ತಿದ್ದರೆಂದೂ, ಅಂಗಳದ ಮೂಲೆಯ ಬೆಂಚಿನ ಮೇಲೆ ಕುಳಿತಿದ್ದ ರಾಮಕೃಷ್ಣಾನಂದರು ಯಾರು ಕೊಂಡರೂ ತಮ್ಮ ಗುರುವಿಗೊಂದು ಸಣ್ಣ ಕೋಣೆ ಸಾಕೆಂದು ಹೇಳಿ ಅಲುಗದೆ ಕುಳಿತರೆಂದೂ ಮಠದ ಪರಂಪರೆಯಲ್ಲಿ ಹೇಳುತ್ತಾರೆ. ಮನೆ ಬೇರೆಯವರ ಪಾಲಾಯಿತು. ರಾಮಕೃಷ್ಣಾನಂದರು ಅದೇ ಆವರಣದ ಹೊರಮನೆಯಲ್ಲಿ ಉಳಿದು, 1907ರ ನವೆಂಬರಿನಲ್ಲಿ ಮೈಲಾಪುರದಲ್ಲಿ ಮಠಕ್ಕಾಗಿಯೇ ಕಟ್ಟಿದ ಸಣ್ಣ ಕಟ್ಟಡಕ್ಕೆ ತೆರಳಿದರು.

ಐಸ್ ಹೌಸಿನಲ್ಲಿದ್ದ ಆ ವರ್ಷಗಳಲ್ಲೇ ರಾಮಕೃಷ್ಣಾನಂದರು ಬೆಂಗಳೂರಿಗೆ ಹೋಗಿ ಉಪನ್ಯಾಸಗಳನ್ನು ಕೊಟ್ಟು ಅಲ್ಲಿನ ಕೆಲಸಕ್ಕೆ ಅಡಿಪಾಯ ಹಾಕಿದರು. ಬಸವನಗುಡಿಯಲ್ಲಿ ಆಶ್ರಮದ ಶಂಕುಸ್ಥಾಪನೆ 1906ರಲ್ಲಿ ಸ್ವಾಮಿ ಅಭೇದಾನಂದರಿಂದ ಆಯಿತು. 1909ರ ಜನವರಿಯಲ್ಲಿ ಸ್ವಾಮಿ ಬ್ರಹ್ಮಾನಂದರು ಅದನ್ನು ಉದ್ಘಾಟಿಸಿದರು. ಕನ್ನಡನಾಡಿನ ಸಾಹಿತ್ಯಕ್ಕೂ ಬಾಳಿಗೂ ಆ ಆಶ್ರಮ ಪರಂಪರೆಯಿಂದ ಏನೇನು ಒದಗಿತೆಂಬುದಕ್ಕೆ ಕುವೆಂಪು ಅವರ ಬರಹವೊಂದನ್ನೇ ನೆನೆದರೂ ಸಾಕು. ಬುಲ್ ಟೆಂಪಲ್ ರಸ್ತೆಯ ಆ ಆಶ್ರಮಕ್ಕೆ ತಾಯಿಬೇರು ಇರುವುದು ಮದರಾಸಿನ ಮಂಜುಗಡ್ಡೆಯ ಮನೆಯಲ್ಲಿ. ಅಳಸಿಂಗರು ಅದರ ಉದ್ಘಾಟನೆಯಾದ ಕೆಲವೇ ತಿಂಗಳಿಗೆ, 1909ರ ಮೇ 11ರಂದು, ತೀರಿಕೊಂಡರು. ಅವರಿಗಿನ್ನೂ 45 ತುಂಬಿರಲಿಲ್ಲ.

ಕಟ್ಟಡದ ಮುಂದಿನ ಜನ್ಮಕ್ಕೆ ಕಾರಣರಾದವರು ಸೋದರಿ ಸುಬ್ಬಲಕ್ಷ್ಮಿ (1886–1969). ಎಳವೆಯಲ್ಲೇ ಮದುವೆಯಾಗಿ ಸ್ವಲ್ಪ ಕಾಲದಲ್ಲೇ ವಿಧವೆಯಾದ ಅವರನ್ನು ತಂದೆ ತಾಯಿ ಮೂಲೆಯಲ್ಲಿ ಕೂರಿಸದೆ ಓದಿಸಿದರು. 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪಡೆದು ಮದರಾಸು ಪ್ರಾಂತ್ಯದ ಮೊದಲ ಹಿಂದೂ ವಿಧವೆ ಪದವೀಧರೆಯಾದರು. ಬಾಲವಿಧವೆಯರನ್ನು ಓದಿಸಿ ಉಪಾಧ್ಯಾಯಿನಿಯರನ್ನಾಗಿ ಮಾಡುವ ಅವರ ಕೆಲಸ 1912ರಲ್ಲಿ ಎಗ್ಮೋರಿನ ಒಂದು ಮನೆಯಲ್ಲಿ ಬೆರಳೆಣಿಕೆಯ ಹುಡುಗಿಯರೊಂದಿಗೆ ಆರಂಭವಾಗಿತ್ತು. ಹುಡುಗಿಯರು ಹೆಚ್ಚಿದಂತೆ ಜಾಗ ಸಾಲದಾಯಿತು, ವಿಧವೆಯರ ಗುಂಪಿಗೆ ಮನೆ ಬಾಡಿಗೆಗೆ ಕೊಡುವವರೂ ಕಡಿಮೆ. ಸರ್ಕಾರ 1917ರಲ್ಲಿ ಐಸ್ ಹೌಸನ್ನು ಕೊಂಡು ಈ ವಿಧವಾಶ್ರಮಕ್ಕೆ ಒದಗಿಸಿತು. ಕಡಲಿಗೆ ಮುಖ ಮಾಡಿದ, ಗಾಳಿ ಬೆಳಕು ತುಂಬಿದ ದುಂಡು ಜಗಲಿಗಳು, ನಾಲ್ಕು ಗೋಡೆಗಳ ನಡುವೆ ಬೆಳೆದ ಹುಡುಗಿಯರಿಗೆ ಮೊದಲ ಬಾರಿಗೆ ದೊರೆತ ಅಂಗಳಗಳಾದವು. ಇದೇ ದಶಕದಲ್ಲಿ ಮೈಸೂರು ಸೀಮೆಯಲ್ಲಿ, ಸುಬ್ಬಲಕ್ಷ್ಮಿಯವರಿಗಿಂತ ಒಂದು ವರ್ಷಕ್ಕೆ ಕಿರಿಯರಾದ, ಅವರಂತೆಯೇ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ನಡೆಸಿದರು. ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುವ ಅಧ್ಯಯನವೊಂದು ಕನ್ನಡದಲ್ಲಿ ನಡೆಯಬೇಕಾಗಿದೆ: ಒಬ್ಬರು ಶಾಲೆಯಿಂದ, ಇನ್ನೊಬ್ಬರು ಲೇಖನಿಯಿಂದ ಒಂದೇ ಗೋಡೆಯನ್ನು ಎರಡು ಕಡೆಗಳಿಂದ ಕೆಡವುತ್ತಿದ್ದರು.

1922ರಲ್ಲಿ ನೆರೆಯಲ್ಲೇ ಲೇಡಿ ವಿಲಿಂಗ್ಡನ್ ಶಿಕ್ಷಕಿಯರ ತರಬೇತಿ ಕಾಲೇಜು ಆರಂಭವಾಗಿ ಸುಬ್ಬಲಕ್ಷ್ಮಿಯವರು ಅದರ ಪ್ರಾಂಶುಪಾಲೆಯಾದರು. ವಿಧವಾಶ್ರಮದ ಕಾಲ ಮುಗಿದ ಮೇಲೆ ಐಸ್ ಹೌಸು ಬಹುಕಾಲ ತರಬೇತಿಯ ವಿದ್ಯಾರ್ಥಿನಿಯರ ನಿಲಯವಾಗಿ ಉಳಿಯಿತು. ವಿವೇಕಾನಂದರ ಜನ್ಮಶತಾಬ್ದಿಯ 1963ರಲ್ಲಿ ಸರ್ಕಾರ ಕಟ್ಟಡಕ್ಕೆ ಈಗಿನ ಹೆಸರನ್ನು ಇಟ್ಟಿತು. ಸ್ವಾಮಿಗಳು ಅಲ್ಲಿಗೆ ಕಾಲಿಟ್ಟು ಸರಿಯಾಗಿ 100 ವರ್ಷ ತುಂಬಿದ 1997ರ ಫೆಬ್ರವರಿ 6ರಂದು ಅದನ್ನು ಗುತ್ತಿಗೆಯ ಮೇಲೆ ರಾಮಕೃಷ್ಣ ಮಠಕ್ಕೆ ವಹಿಸಲಾಯಿತು. ಹರಾಜಿನಲ್ಲಿ ಹೊರನಡೆದಿದ್ದ ಮಠ 90 ವರ್ಷಗಳ ಬಳಿಕ ಅದೇ ಬಾಗಿಲಿನಿಂದ ಒಳಬಂತು. ದುರಸ್ತಿಯ ಬಳಿಕ 1999ರಲ್ಲಿ ಅಲ್ಲಿ ವಿವೇಕಾನಂದರ ಬಾಳನ್ನೂ ಭಾರತೀಯ ಸಂಸ್ಕೃತಿಯನ್ನೂ ಕುರಿತ ಶಾಶ್ವತ ಪ್ರದರ್ಶನ ತೆರೆಯಿತು.

ಪ್ರದರ್ಶನವನ್ನು ನೋಡಿ ಹೊರಬಂದವರು ರಸ್ತೆ ದಾಟಿ ಮರಳಿನ ಕಡೆಯಿಂದ ತಿರುಗಿ ನೋಡಿದರೆ ಕಟ್ಟಡದ ನೆತ್ತಿಯ ಮೇಲೆ ಅನಾನಸ್ ಹಣ್ಣಿನ ಆಕಾರದ ಗಾರೆಯ ಕಳಶವೊಂದು ಕಾಣುತ್ತದೆ. ಅನಾನಸು ಆಗಿನ ಅಮೆರಿಕೆಯ ಕರಾವಳಿ ಊರುಗಳಲ್ಲಿ ಅತಿಥಿ ಸತ್ಕಾರದ ಗುರುತು. ಕಡಲ ಪಯಣದಿಂದ ಮರಳಿದವರ ಮನೆಗಳ ಬಾಗಿಲ ಮೇಲೂ ಕಂಬಗಳ ಮೇಲೂ ಅದನ್ನು ಇಡುತ್ತಿದ್ದರು. ಸ್ವಾಮಿಗಳು ತಂಗಿದ್ದ ಮೇಲಂತಸ್ತಿನ ಕೋಣೆ ಈಗ ಧ್ಯಾನದ ಕೋಣೆಯಾಗಿದೆ, ಅದರ ಕಿಟಕಿಗಳು ಕಡಲಿಗೆ ತೆರೆಯುತ್ತವೆ. ಸಂಜೆ ಆರರ ಹೊತ್ತಿಗೆ ಎದುರಿನ ಮರಳಿನ ಮೇಲೆ ಸುಂಡಲ್ ಮಾರುವವರು, ಗಾಳಿಪಟದ ಹುಡುಗರು, ಕೆಲಸ ಮುಗಿಸಿ ಬಂದು ಕುಳಿತ ಜನ ಸೇರುತ್ತಾರೆ, ಹೊಸಬರು ಯಾರಾದರೂ ಆ ದುಂಡು ಮನೆ ಯಾವುದೆಂದು ಕೇಳಿದರೆ ಉತ್ತರ ಬಾಸ್ಟನ್ನಿನಿಂದಲೇ ಆರಂಭವಾಗುತ್ತದೆ.